ಆ ನೋಟ್‌ಬುಕ್ಕನ್ನು ಬಚ್ಚಿಡಬೇಡಿ

ಕೆಲವು ವಾರಗಳ ಹಿಂದೆ ಒಬ್ಬ ತಂದೆ ನಮ್ಮನ್ನು ಕಾಣಲು ಬಂದಿದ್ದರು. ತಾಲೂಕು ಕೇಂದ್ರವೊಂದರಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ಸಂಸಾರ ನಡೆಸುತ್ತಿರುವ, ಐದು ಹೊತ್ತಿನ ನಮಾಝ್ ತಪ್ಪಿಸದ, ಯಾರ ತಂಟೆಗೂ ಹೋಗದ ಸಜ್ಜನ. ಅವರ ಕೈಯಲ್ಲಿದ್ದುದು ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳ ನೋಟ್‌ಬುಕ್. ಮುಂದಿನ ಪುಟಗಳಲ್ಲಿ ಗಣಿತದ ಲೆಕ್ಕಗಳು. ಹಿಂದಿನಿಂದ ತಿರುವಿದರೆ ಸಣ್ಣ ಅಕ್ಷರಗಳಲ್ಲಿ ಆಕೆ ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳು. ಶಾಲೆಯಲ್ಲಿ ನಡೆದದ್ದು, ಪತ್ರಿಕೆಯಲ್ಲಿ ಓದಿದ್ದು, ಮನೆಯಲ್ಲಿ ಕೇಳಿಸಿಕೊಂಡದ್ದು. 'ಇವಳು ಇಂಥದ್ದೆಲ್ಲ ಬರೆಯುತ್ತಾಳೆ. ಕಾಲ ಸರಿಯಿಲ್ಲ. ಸ್ವಲ್ಪ ಬುದ್ಧಿ ಹೇಳಿ' ಎಂಬುದು ಅವರ ಕೋರಿಕೆಯಾಗಿತ್ತು.

ಮಗಳನ್ನು ಕೇಳಿ ತಂದಿದ್ದೀರಾ ಎಂದು ನಾವು ವಿಚಾರಿಸಿದೆವು. ಅವರು ತಲೆ ತಗ್ಗಿಸಿದರು. ಓದದೆಯೇ ನೋಟ್‌ಬುಕ್ ಮರಳಿಸಿದೆವು. ಮುಂದಿನ ವಾರ ಅವರು ಮತ್ತೆ ಬಂದಾಗ ಮಗಳೂ ಜೊತೆಗಿದ್ದಳು. ಓದಿ, ಆದರೆ ಹೆಸರು ಹಾಕಬೇಡಿ ಎಂದಳು. ಅವಳ ಒಪ್ಪಿಗೆಯಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಆ ಪುಟಗಳಲ್ಲಿ ಏನಿತ್ತು? ಇತಿಹಾಸದ ತರಗತಿಯಲ್ಲಿ ಘಜ್ನಿಯ ಮಹಮೂದನ ಹೆಸರು ಬಂದಾಗ ಅರ್ಧ ತರಗತಿ ತನ್ನ ಕಡೆಗೆ ತಿರುಗಿ ನೋಡಿತೆಂದು ಆಕೆ ಬರೆದಿದ್ದಳು. ತಾನು ಹುಟ್ಟಿದ್ದು ಇದೇ ಊರಿನ ಸರಕಾರಿ ಆಸ್ಪತ್ರೆಯಲ್ಲಿ, ಘಜ್ನಿಯನ್ನು ಕಂಡದ್ದು ಭೂಪಟದಲ್ಲಿ ಮಾತ್ರ ಎಂದು ಎದ್ದು ಹೇಳಬೇಕೆನಿಸಿತಂತೆ, ಹೇಳಲಿಲ್ಲ. 2025ರ ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರನ್ನು ಭಯೋತ್ಪಾದಕರು ಕೊಂದ ಮರುದಿನ, ರಜೆಯ ಕಂಪ್ಯೂಟರ್ ತರಗತಿಯಲ್ಲಿ ಗೆಳತಿಯೊಬ್ಬಳು 'ನಿಮ್ಮವರು ಯಾಕೆ ಹೀಗೆ?' ಎಂದು ಕೇಳಿದಳು. ಪ್ರವಾಸಿಗರನ್ನು ಉಳಿಸಲು ಹೋಗಿ ಅಲ್ಲೇ ಪ್ರಾಣ ತೆತ್ತ ಕುದುರೆ ಸವಾರಿಯ ಬಡ ಯುವಕನೂ ಮುಸ್ಲಿಮನೇ. ಅವನು ಯಾರವನು ಎಂದು ಆಕೆ ತನ್ನ ಪುಟದಲ್ಲಿ ಕೇಳಿಕೊಂಡಿದ್ದಾಳೆ. ಮತ್ತೊಂದೆಡೆ ದೊಡ್ಡಪ್ಪನ ಮಗಳ ವಿಷಯವಿದೆ. 2022ರಲ್ಲಿ ಪದವಿಪೂರ್ವ ಕಾಲೇಜು ಬಿಟ್ಟ ಆ ಅಕ್ಕನ ಭೌತಶಾಸ್ತ್ರದ ಪುಸ್ತಕ ಈಗ ಇವಳ ಬಳಿ ಇದೆ. ಅದರಲ್ಲಿ ಅರ್ಧದವರೆಗೆ ಮಾತ್ರ ಪೆನ್ಸಿಲಿನ ಗೆರೆಗಳಿವೆ.

ಕೊನೆಯ ಟಿಪ್ಪಣಿ ನಮ್ಮ ಕುರಿತೇ ಇತ್ತು. ಗಾಝಾದಲ್ಲಿ ಮಕ್ಕಳ ಶಾಲೆಗಳು ನೆಲಸಮವಾದುದರ ಬಗ್ಗೆ ಶುಕ್ರವಾರದ ಭಾಷಣದಲ್ಲಿ ಕೇಳಿ ತಂದೆ ಕಣ್ಣೀರು ಹಾಕಿದರೆಂದು ಬರೆದು, ಅದರ ಕೆಳಗೆ ಆಕೆ ಒಂದು ಪ್ರಶ್ನೆ ಇಟ್ಟಿದ್ದಳು: ನಮ್ಮ ಓಣಿಯ ಉರ್ದು ಶಾಲೆಯ ಮಾಡು ಮೂರು ಮಳೆಗಾಲದಿಂದ ಸೋರುತ್ತಿದೆ, ಅದಕ್ಕಾಗಿ ಯಾರೂ ಏಕೆ ಅಳುವುದಿಲ್ಲ?

ಇದಿಷ್ಟು. ಯಾರ ಮೇಲೂ ದ್ವೇಷವಿಲ್ಲ. ಯಾರನ್ನೂ ಬೈದಿಲ್ಲ. ಹದಿನೈದು ವರ್ಷದ ಒಂದು ಮಗು ಕಣ್ಣು ತೆರೆದು ನೋಡಿದೆ, ನೋಡಿದ್ದನ್ನು ಶುದ್ಧವಾದ ಕನ್ನಡದಲ್ಲಿ ಬರೆದಿದೆ. ಇದಕ್ಕೆ ಬುದ್ಧಿ ಹೇಳಬೇಕೆಂದು ತಂದೆಗೆ ಏಕೆ ಅನಿಸಿತು? ನಾವು ಚರ್ಚಿಸಬೇಕಾದುದು ಆ ಮಗುವಿನ ಬರವಣಿಗೆಯನ್ನಲ್ಲ, ಈ ಭಯವನ್ನು.

ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. 2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳು ಪೌರತ್ವ ತಿದ್ದುಪಡಿ ಕಾನೂನಿನ ಕುರಿತು ಒಂದು ನಾಟಕ ಆಡಿದರು. ಅದರ ಒಂದು ಸಂಭಾಷಣೆಯನ್ನು ಹಿಡಿದುಕೊಂಡು ದೇಶದ್ರೋಹದ ಮೊಕದ್ದಮೆ ಹೂಡಲಾಯಿತು. ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಜೈಲಿಗೆ ಕಳುಹಿಸಲಾಯಿತು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಆ ತಾಯಿ ಮತ್ತು ಶಿಕ್ಷಕಿಗೆ ಜಾಮೀನು ಸಿಕ್ಕಿದ್ದು ಫೆಬ್ರವರಿಯಲ್ಲಿ. ಸಮವಸ್ತ್ರ ಧರಿಸಿ, ಆಯುಧ ಹೊತ್ತು ಮಕ್ಕಳನ್ನು ಪ್ರಶ್ನಿಸಿದ್ದು ಬಾಲನ್ಯಾಯ ಕಾನೂನಿನ ಉಲ್ಲಂಘನೆಯೆಂದು 2021ರಲ್ಲಿ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಇಡೀ ಪ್ರಕರಣವನ್ನು 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ರದ್ದುಪಡಿಸಿತು. ಅಂದರೆ ಅಪರಾಧವೇ ಆಗಿರಲಿಲ್ಲವೆಂದು ಹೇಳಿಸಿಕೊಳ್ಳಲು ಮೂರು ವರ್ಷಗಳಿಗೂ ಮಿಕ್ಕ ಕಾಲ ಬೇಕಾಯಿತು. ಆ ಮಕ್ಕಳು ಅಷ್ಟರಲ್ಲಿ ಆ ತರಗತಿಗಳನ್ನೇ ದಾಟಿ ಹೋಗಿದ್ದರು.

ಅದೇ ತೀರ್ಪಿನಲ್ಲಿ, ಸರಕಾರದ ನೀತಿಗಳ ಟೀಕೆಯಿಂದ ಶಾಲಾಮಕ್ಕಳನ್ನು ದೂರವಿಡುವುದು ಒಳ್ಳೆಯದೆಂಬ ಅರ್ಥದ ಹಿತವಚನವೂ ಇದೆ. ನ್ಯಾಯಾಲಯದ ಮೇಲೆ ಪೂರ್ಣ ಗೌರವವಿಟ್ಟುಕೊಂಡೇ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಮಕ್ಕಳು ರಾಜಕೀಯದಿಂದ ದೂರವಿರಬೇಕು ನಿಜ. ಆದರೆ ರಾಜಕೀಯವು ಮಕ್ಕಳಿಂದ ದೂರ ಉಳಿದಿದೆಯೇ?

2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ಆರಂಭವಾದುದನ್ನು ನೆನಪಿಸಿಕೊಳ್ಳಿ. ಆ ಹೆಣ್ಣುಮಕ್ಕಳು ರಾಜಕೀಯವನ್ನು ಹುಡುಕಿಕೊಂಡು ಹೋದವರಲ್ಲ, ಪಾಠ ಕೇಳಲು ಹೋದವರು. 2022ರ ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಕೇಸರಿ ಶಾಲು ಹೊದಿಸಿಕೊಂಡ ಹುಡುಗರನ್ನು ಬೀದಿಗೆ ಇಳಿಸಲಾಯಿತು. ಅವರೂ ನಮ್ಮ ಊರಿನ ಮಕ್ಕಳೇ, ಅವರ ಪಾಠವೂ ಹಾಳಾಯಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಶಾಲೆಯ ಗೇಟಿನಲ್ಲಿ ಹುಡುಗಿಯ ಶಿರವಸ್ತ್ರ ತೆಗೆಸುವುದು ಆಕೆಯ ಖಾಸಗಿತನ ಮತ್ತು ಘನತೆಯ ಮೇಲಿನ ಆಕ್ರಮಣವೆಂದರು. ಆಕೆಯ ಶಿಕ್ಷಣಕ್ಕಿಂತ ದೊಡ್ಡದು ಯಾವುದೂ ಅವರಿಗೆ ಕಾಣಲಿಲ್ಲ.

ಪಠ್ಯಪುಸ್ತಕವನ್ನೇ ತೆಗೆದುಕೊಳ್ಳಿ. 2022ರಲ್ಲಿ ಒಂದು ಸರಕಾರ ಅದನ್ನು ಪರಿಷ್ಕರಿಸಿತು. 2023ರಲ್ಲಿ ಇನ್ನೊಂದು ಸರಕಾರ ಬಂದು ಪರಿಷ್ಕರಣೆಯನ್ನು ಪರಿಷ್ಕರಿಸಿತು. ಅದೇ 2023ರಲ್ಲಿ ಕೇಂದ್ರದ ಹನ್ನೆರಡನೆಯ ತರಗತಿಯ ಇತಿಹಾಸ ಪುಸ್ತಕದಿಂದ ಮೊಘಲ್ ಆಸ್ಥಾನಗಳ ಕುರಿತ ಅಧ್ಯಾಯ ಮಾಯವಾಯಿತು. ಚುನಾವಣೆಯ ಫಲಿತಾಂಶದೊಂದಿಗೆ ಇತಿಹಾಸವೂ ಬದಲಾಗುವುದನ್ನು ಕಂಡ ಮಗು, ಹಾಗಾದರೆ ನಿಜವಾಗಿ ನಡೆದದ್ದು ಏನು ಎಂದು ಕೇಳಿದರೆ ಅದು ಅಪರಾಧವೇ?

ಇನ್ನು ವಿದ್ಯಾರ್ಥಿವೇತನ. ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳನ್ನು ಕೇಂದ್ರದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನದಿಂದ 2022ರಲ್ಲಿ ಕೈಬಿಡಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಂತ ಸುದ್ದಿ ಬಂತು. ಅಂದರೆ ಏಣಿಯ ಕೆಳಗಿನ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ಒಂದೇ ಋತುವಿನಲ್ಲಿ ಕಳಚಲಾಯಿತು. 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ರಾಜ್ಯ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸುವ ತೀರ್ಮಾನ ಮಾಡಿತು. ಅದರ ತಳಹದಿಯೇ ಅಲುಗಾಡುತ್ತಿದೆಯೆಂದು ಸುಪ್ರೀಮ್ ಕೋರ್ಟ್ ಪ್ರಶ್ನಿಸಿದ ಬಳಿಕವೇ ಸರಕಾರ ತೀರ್ಮಾನವನ್ನು ತಡೆಹಿಡಿಯಿತು. ಇವೆಲ್ಲ ಮಕ್ಕಳ ಜೇಬಿಗೆ, ಮಕ್ಕಳ ಸೀಟಿಗೆ ಸಂಬಂಧಿಸಿದ ಸುದ್ದಿಗಳು. ಮಕ್ಕಳು ಇವನ್ನು ಓದಬಾರದೆಂದರೆ ಮತ್ತಾರು ಓದಬೇಕು?

ಇಷ್ಟಕ್ಕೂ ತರಗತಿಯ ಒಳಗೆ ಏನು ನಡೆಯುತ್ತಿದೆ? 2023ರ ಆಗಸ್ಟ್‌ನಲ್ಲಿ ಉತ್ತರಪ್ರದೇಶದ ಮುಝಫ್ಫರ್‌ನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಿಕ್ಷಕಿಯೊಬ್ಬರು ಏಳು ವರ್ಷದ ಮುಸ್ಲಿಮ್ ಹುಡುಗನನ್ನು ನಿಲ್ಲಿಸಿ, ಸಹಪಾಠಿಗಳಿಂದ ಒಬ್ಬೊಬ್ಬರಾಗಿ ಕೆನ್ನೆಗೆ ಹೊಡೆಸಿದರು. ಹೊಡೆಸಿಕೊಂಡ ಮಗು ಅತ್ತಿತು. ಆದರೆ ಹೊಡೆದ ಮಕ್ಕಳು ಕಲಿತದ್ದೇನು? ಆ ಮಕ್ಕಳಿಗೂ ಆಪ್ತಸಲಹೆ ಬೇಕೆಂದು ಸುಪ್ರೀಮ್ ಕೋರ್ಟ್ ಸೂಚಿಸಬೇಕಾಯಿತು. ಅದಕ್ಕೆ ಮೊದಲು, 2022ರ ನವೆಂಬರ್‌ನಲ್ಲಿ ನಮ್ಮದೇ ಉಡುಪಿ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕರೊಬ್ಬರು ಮುಸ್ಲಿಮ್ ವಿದ್ಯಾರ್ಥಿಯನ್ನು ಮುಂಬೈ ದಾಳಿಯ ಭಯೋತ್ಪಾದಕನ ಹೆಸರಿನಿಂದ ಕರೆದರು. ಆ ಹುಡುಗ ಕಲ್ಲೆಸೆಯಲಿಲ್ಲ, ಬೈಗುಳ ಆಡಲಿಲ್ಲ. ಇದು ತಮಾಷೆಯ ವಿಷಯವಲ್ಲ, ನಿಮ್ಮ ಮಗನನ್ನು ಹೀಗೆ ಕರೆಯುವಿರಾ ಎಂದು ಎಲ್ಲರೆದುರು ನಿಂತು ಕೇಳಿದ. ಅಧ್ಯಾಪಕರು ಅಲ್ಲಿಯೇ ಕ್ಷಮೆ ಕೇಳಿದರು. ಸಂಸ್ಥೆ ಅವರನ್ನು ತರಗತಿಯಿಂದ ದೂರವಿರಿಸಿತು. ಅಂದು ಆ ಹುಡುಗ ತಲೆ ತಗ್ಗಿಸಿ ಕುಳಿತಿದ್ದರೆ ಆ ಮಾತು ಇಂದಿಗೂ ಅಲ್ಲಿ ತಮಾಷೆಯಾಗಿಯೇ ಉಳಿಯುತ್ತಿತ್ತು.

ಆದ್ದರಿಂದ ಹದಿಹರೆಯದ ಮಕ್ಕಳು ಪ್ರಚಲಿತ ವಿಷಯಗಳ ಬಗ್ಗೆ ಯೋಚಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಅವರು ಯೋಚಿಸುತ್ತಿದ್ದಾರೆ. ಯಾರ ಜೊತೆ ಕುಳಿತು ಯೋಚಿಸುತ್ತಿದ್ದಾರೆ ಎಂಬುದೇ ಪ್ರಶ್ನೆ. ತಂದೆ ತಾಯಿಯ ಜೊತೆಗೋ, ಶಿಕ್ಷಕರ ಜೊತೆಗೋ, ಇಲ್ಲ ನಡುರಾತ್ರಿಯಲ್ಲಿ ಮೊಬೈಲಿನ ಜೊತೆಗೋ?

ಇಲ್ಲಿಯವರೆಗೆ ನಾವು ಹೊರಗಿನವರ ತಪ್ಪುಗಳನ್ನು ಪಟ್ಟಿ ಮಾಡಿದೆವು. ಅದು ಸುಲಭದ ಕೆಲಸ. ನಮ್ಮ ವೇದಿಕೆಗಳಲ್ಲಿ ದಿನನಿತ್ಯ ನಡೆಯುವುದೂ ಅದೇ. ಈಗ ನಮ್ಮ ಮನೆಯ ಬಾಗಿಲು ತೆರೆಯೋಣ.

ಆ ದೊಡ್ಡಪ್ಪನ ಮಗಳ ವಿಷಯವನ್ನು ನಾವು ಆ ತಂದೆಯಲ್ಲಿ ಕೇಳಿದೆವು. ಕಾಲೇಜಿನ ಗೇಟಿನಿಂದ ಹಿಂತಿರುಗಿದ ಆಕೆಗೆ ಎಂಟು ತಿಂಗಳಲ್ಲಿ ಮದುವೆಯಾಯಿತು. ಊರಿನಲ್ಲಿ ಖಾಸಗಿ ಕಾಲೇಜು ಇರಲಿಲ್ಲವೇ? ಇತ್ತು, ಶುಲ್ಕ ಜಾಸ್ತಿಯಿತ್ತು. ಮದುವೆಗೆ ಎಷ್ಟು ಖರ್ಚಾಯಿತು? ಅವರು ಉತ್ತರಿಸಲಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಮನೆಯಿಂದಲೇ ಓದಿ ಪರೀಕ್ಷೆ ಕಟ್ಟಬಹುದಿತ್ತಲ್ಲವೇ? ಹಾಗೊಂದು ವ್ಯವಸ್ಥೆ ಇದೆಯೆಂದು ಯಾರೂ ಹೇಳಿರಲಿಲ್ಲ. ಅಂದರೆ, ಒಂದು ಬಾಗಿಲನ್ನು ಸರಕಾರ ಮುಚ್ಚಿತು, ನಿಜ. ಉಳಿದ ಬಾಗಿಲುಗಳನ್ನು ಮುಚ್ಚಿದವರು ಯಾರು? ಆಕೆಯ ಹಕ್ಕಿಗಾಗಿ ಬೀದಿಯಲ್ಲಿ ಘೋಷಣೆ ಕೂಗಿದ ನಾವು, ಆಕೆ ಮನೆ ಸೇರಿದ ಮರುದಿನ ಒಮ್ಮೆಯಾದರೂ ಹೋಗಿ 'ಮಗಳೇ, ನಿನ್ನ ಓದಿನ ಕತೆ ಏನು?' ಎಂದು ಕೇಳಿದೆವೇ?

2023ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಬೆಂಗಳೂರಿನ ಮುಸ್ಲಿಮ್ ವಿದ್ಯಾರ್ಥಿನಿಯೊಬ್ಬಳು 600ಕ್ಕೆ 593 ಅಂಕ ಗಳಿಸಿ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗಳಾದಳು. ತರಗತಿಯಲ್ಲಿ ಶಿರವಸ್ತ್ರ ತೆಗೆದು ಕುಳಿತು ಓದು ಮುಂದುವರಿಸಿದೆನೆಂದು ಆಕೆ ಮಾಧ್ಯಮಗಳಿಗೆ ಹೇಳಿದ್ದಳು. ಆಕೆ ಮಾಡಿದ್ದು ಸರಿಯೋ ತಪ್ಪೋ ಎಂದು ನಾವು ಚಹಾದಂಗಡಿಗಳಲ್ಲಿ ಕುಳಿತು ವಾದಿಸಿದೆವು. ಕಾಲೇಜು ಬಿಟ್ಟವಳ ಬಗ್ಗೆಯೂ ಹಾಗೆಯೇ ವಾದಿಸಿದ್ದೆವು. ಇಬ್ಬರೂ ನಮ್ಮ ಮಕ್ಕಳು. ಇಬ್ಬರ ಮುಂದೆಯೂ ಅವರ ವಯಸ್ಸಿಗೆ ಮೀರಿದ ಆಯ್ಕೆಯನ್ನು ಇಡಲಾಗಿತ್ತು. ಆ ಆಯ್ಕೆಯ ಮುಂಚಿನ ರಾತ್ರಿ ಅವರು ಎಷ್ಟು ಹೊತ್ತು ಎಚ್ಚರವಾಗಿದ್ದರು, ಏನು ಯೋಚಿಸಿದರು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಪ್ರವಾದಿ(ಸ)ಯವರ ಸಭೆಯ ಒಂದು ಘಟನೆ ನಮಗೆಲ್ಲ ಗೊತ್ತಿರಬೇಕಾದುದು. ಎಲೆ ಉದುರದ, ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದೆಂದು ಪ್ರವಾದಿ(ಸ) ಅನುಚರರನ್ನು ಕೇಳಿದರು. ಹಿರಿಯರ ಯೋಚನೆ ಮರುಭೂಮಿಯ ಮರಗಳತ್ತ ಹೋಯಿತು. ಎಳೆಯ ವಯಸ್ಸಿನ ಅಬ್ದುಲ್ಲಾ ಬಿನ್ ಉಮರ್(ರ)ರಿಗೆ ಅದು ಖರ್ಜೂರದ ಮರವೆಂದು ಹೊಳೆದಿತ್ತು. ಹಿರಿಯರೆಲ್ಲ ಮೌನವಾಗಿರುವಾಗ ತಾನು ಮಾತಾಡುವುದು ಹೇಗೆಂದು ನಾಚಿ ಸುಮ್ಮನಾದರು. ಬಳಿಕ ತಂದೆಗೆ ಈ ವಿಷಯ ತಿಳಿಸಿದರು. ತಂದೆ ಉಮರ್(ರ) ಏನು ಹೇಳಿರಬಹುದು? ದೊಡ್ಡವರ ನಡುವೆ ಬಾಯಿ ಮುಚ್ಚಿಕೊಂಡಿದ್ದು ಒಳ್ಳೆಯದಾಯಿತು ಎಂದರೇ? ಇಲ್ಲ. ನೀನು ಹೇಳಿಬಿಟ್ಟಿದ್ದರೆ ಅದು ನನಗೆ ದೊಡ್ಡ ಸಂಪತ್ತಿಗಿಂತಲೂ ಪ್ರಿಯವಾಗುತ್ತಿತ್ತು ಎಂಬ ಅರ್ಥದ ಮಾತನ್ನು ಅವರು ಆಡಿದರು.

ಇದೇ ಉಮರ್(ರ) ಖಲೀಫರಾದಾಗ ಬದ್ರ್‌ನಲ್ಲಿ ಹೋರಾಡಿದ ಹಿರಿಯರ ಸಾಲಿನಲ್ಲಿ ಎಳೆಯ ಇಬ್ನು ಅಬ್ಬಾಸ್(ರ)ರನ್ನು ಕೂರಿಸಿಕೊಂಡರು. ಇವನ ವಯಸ್ಸಿನ ಮಕ್ಕಳು ನಮಗೂ ಇದ್ದಾರಲ್ಲ ಎಂದು ಕೆಲವರು ಆಕ್ಷೇಪಿಸಿದರು. ಖಲೀಫರು ವಾದಕ್ಕೆ ಇಳಿಯಲಿಲ್ಲ. ಕುರ್‌ಆನಿನ ಅಧ್ಯಾಯವೊಂದರ ಮರ್ಮವೇನೆಂದು ಎಲ್ಲರನ್ನೂ ಕೇಳಿದರು. ಹಿರಿಯರಿಗೆ ಕಾಣದ ಅರ್ಥವನ್ನು ಆ ಯುವಕ ಕಂಡಿದ್ದರು. ಇನ್ನೂ ಹಿಂದಕ್ಕೆ ಹೋಗಿ. ತನ್ನ ಮಗನ ಬಲಿಯ ಕನಸು ಕಂಡ ಪ್ರವಾದಿ ಇಬ್ರಾಹೀಮ್(ಅ) ಮಗನನ್ನು ಹೇಳದೆ ಕೇಳದೆ ಕರೆದೊಯ್ಯಲಿಲ್ಲ. ನಿನ್ನ ಅಭಿಪ್ರಾಯವೇನೆಂದು ಅವನನ್ನೇ ಕೇಳಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ದೇವಾಜ್ಞೆಯ ವಿಷಯದಲ್ಲಿಯೂ ಮಗನನ್ನು ಕೇಳಿದ ತಂದೆಯ ಸ್ಮರಣೆಯಲ್ಲಿ ವರ್ಷವರ್ಷ ಬಕ್ರೀದ್ ಆಚರಿಸುವ ನಾವು, ಪಿಯುಸಿಯಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂಬುದರಲ್ಲಿಯೂ ಮಕ್ಕಳ ಅಭಿಪ್ರಾಯ ಕೇಳುವುದಿಲ್ಲ.

2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯನ್ನು ನಾವು ಸರಕಾರವನ್ನು ಪ್ರಶ್ನಿಸಲು ಬಳಸುತ್ತೇವೆ. ಬಳಸಲೇಬೇಕು. ಆದರೆ ಅದೇ ವರದಿ ನಮ್ಮನ್ನೂ ಪ್ರಶ್ನಿಸುತ್ತದೆ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25 ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಅಥವಾ ನಡುವೆಯೇ ಬಿಟ್ಟಿದ್ದರು. ಮುಸ್ಲಿಮರೆಲ್ಲ ಮಕ್ಕಳನ್ನು ಮದ್ರಸಕ್ಕೆ ಮಾತ್ರ ಕಳುಹಿಸುತ್ತಾರೆಂಬ ಅಪಪ್ರಚಾರವನ್ನೂ ಆ ವರದಿ ಸುಳ್ಳಾಗಿಸಿತು. ಪೂರ್ಣಾವಧಿ ಮದ್ರಸಗಳಲ್ಲಿ ಕಲಿಯುವವರು ನೂರರಲ್ಲಿ ಮೂರು ನಾಲ್ಕು ಮಕ್ಕಳು ಮಾತ್ರ. ಹಾಗಾದರೆ ಶಾಲೆ ಬಿಟ್ಟವರು ಎಲ್ಲಿಗೆ ಹೋದರು? ಗ್ಯಾರೇಜಿಗೆ, ಮೀನು ಮಾರುಕಟ್ಟೆಗೆ, ಬೀಡಿ ಎಲೆಗಳ ಮುಂದೆ, ಮೊಬೈಲ್ ರಿಪೇರಿ ಅಂಗಡಿಗೆ. ಬಡತನ ಇದಕ್ಕೆ ದೊಡ್ಡ ಕಾರಣ, ನಾವು ಅಲ್ಲಗಳೆಯುವುದಿಲ್ಲ. ಆದರೆ ವರದಕ್ಷಿಣೆಗೆ ಸಾಲ ಹುಟ್ಟುವ, ಮಸೀದಿಯ ಮಿನಾರಕ್ಕೆ ದೇಣಿಗೆ ಹುಟ್ಟುವ ಮೊಹಲ್ಲಾದಲ್ಲಿ ಒಂದು ಶಾಲೆಯ ಹೆಂಚು ಬದಲಿಸಲು ಹಣ ಹುಟ್ಟದಿರುವುದಕ್ಕೆ ಬಡತನವೊಂದೇ ಕಾರಣವೇ?

'ಮೊದಲು ಅಂಕ ತೆಗೆಯಲಿ, ಲೋಕದ ಚಿಂತೆ ಆಮೇಲೆ' ಎನ್ನುವ ಹಿರಿಯರಿದ್ದಾರೆ. ಆ ಹುಡುಗಿಯ ಅಂಕಪಟ್ಟಿಯನ್ನೂ ನಾವು ನೋಡಿದೆವು. ಕನ್ನಡದಲ್ಲಿ ತರಗತಿಗೇ ಮೊದಲಿಗಳು. ಬರೆಯುವ ಮಗು ಓದಿನಲ್ಲಿ ಹಿಂದೆ ಬೀಳುತ್ತದೆಂಬುದು ಬರೆಯದವರ ಕಲ್ಪನೆ.

'ಇದೆಲ್ಲ ಬರೆದು ತೊಂದರೆಗೆ ಸಿಲುಕಿದರೆ?' ಎನ್ನುವವರಿದ್ದಾರೆ. ಅವರು ತೊಂದರೆ ಎಲ್ಲಿಂದ ಬರುತ್ತಿದೆಯೆಂದು ಸರಿಯಾಗಿ ನೋಡಬೇಕು. 2023ರ ಜೂನ್‌ನಲ್ಲಿ ಕೊಲ್ಹಾಪುರದಲ್ಲಿ ಕೆಲವು ಹುಡುಗರ ಮೊಬೈಲ್ ಸ್ಟೇಟಸ್‌ಗಳನ್ನು ನೆಪವಾಗಿಟ್ಟುಕೊಂಡು ನಗರದಲ್ಲಿ ಹಿಂಸೆ ನಡೆಸಲಾಯಿತು. ಹಿಂಸೆಗೆ ಹಿಂಸೆ ಮಾಡಿದವರೇ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾವು ನಮ್ಮನ್ನು ಕೇಳಿಕೊಳ್ಳಬೇಕು. ಐದು ಪುಟ ಬರೆದು ತನ್ನ ನೋವನ್ನು ಬಿಡಿಸಿ ಹೇಳಲು ಕಲಿತ ಹುಡುಗನು ಯಾರೋ ತಯಾರಿಸಿ ಕೊಟ್ಟ ಮೂವತ್ತು ಸೆಕೆಂಡಿನ ಕತ್ತಿ ಹಿಡಿದ ಚಿತ್ರವನ್ನು ತನ್ನ ಮಾತೆಂದು ಅಂಟಿಸಿಕೊಳ್ಳುವನೇ? ಮಾತು ಬಾರದವನ ಕೈಗೆ ಬೇರೆಯವರ ಮಾತು ಸಿಗುತ್ತದೆ. ಮಗುವಿನ ನೋಟ್‌ಬುಕ್ಕನ್ನು ಕಿತ್ತುಕೊಂಡು ಮೊಬೈಲನ್ನು ಕೈಯಲ್ಲಿ ಬಿಟ್ಟಿರುವ ತಂದೆ, ಅಪಾಯವಿಲ್ಲದ್ದನ್ನು ಕಿತ್ತುಕೊಂಡು ಅಪಾಯವಿರುವುದನ್ನು ಕೊಟ್ಟಂತಾಯಿತು.

'ಹೆಣ್ಣುಮಗಳು ಹೀಗೆ ಪ್ರಶ್ನಿಸುತ್ತಾ ಹೋದರೆ ದೀನಿನಿಂದಲೇ ದೂರವಾಗುವಳು' ಎಂಬ ಮೂರನೆಯ ಮಾತು ನಮ್ಮಲ್ಲಿ ಮೆಲ್ಲನೆ ಆಡಲ್ಪಡುತ್ತದೆ. ಈ ಮಾತಿಗೆ ನಾವು ಒಂದು ಉದಾಹರಣೆ ಕೊಡುತ್ತೇವೆ. ಎಂಟು ವರ್ಷದ ಮುಸ್ಲಿಮ್ ಬಾಲಕಿಯೊಬ್ಬಳನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತಂತೆ. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಬಾಲಕಿಯೇ ಮುಂದೆ ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಆದರು. 2025ರ ಮೇ ತಿಂಗಳಲ್ಲಿ ಅವರ ಕತೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಕನ್ನಡಕ್ಕೆ ಆ ಗೌರವ ತಂದುಕೊಟ್ಟವರಲ್ಲಿ ಅವರೇ ಮೊದಲಿಗರೆಂದು ನಾವೂ ಹೆಮ್ಮೆಪಟ್ಟೆವು. ಆದರೆ 2000ದಲ್ಲಿ, ಮಹಿಳೆಯರಿಗೆ ಮಸೀದಿ ಪ್ರವೇಶವಿರಬೇಕೆಂದು ಮಾತಾಡಿದ್ದಕ್ಕೆ ಅವರೂ ಅವರ ಕುಟುಂಬವೂ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಅನುಭವಿಸಿದ್ದರು. ಅವರನ್ನು ಬಹಿಷ್ಕರಿಸಿದವರು ಯಾರು? ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಪ್ರವಾದಿ(ಸ)ಯವರ ಮಸೀದಿಯಲ್ಲಿ ಮಹಿಳೆಯರ ಸಾಲು ಇತ್ತೆಂಬುದನ್ನು ನೆನಪಿಸಿದವರಿಗೆ ಉತ್ತರ ಕೊಡಲಾಗದಾಗ ಬಹಿಷ್ಕಾರ ಹಾಕಿದ್ದು ದೀನಿನ ರಕ್ಷಣೆಯೇ, ಇಲ್ಲ ನಮ್ಮ ಅಹಮಿನ ರಕ್ಷಣೆಯೇ? ಮಕ್ಕಳು ದೀನಿನಿಂದ ದೂರವಾಗುವುದು ಪ್ರಶ್ನೆ ಕೇಳಿದ್ದರಿಂದಲ್ಲ. ಕೇಳಿದ ಪ್ರಶ್ನೆಗೆ ಗದರಿಕೆ ಉತ್ತರವಾಗಿ ಬಂದುದರಿಂದ.

ಹದಿಹರೆಯದ ನಮ್ಮ ಮಕ್ಕಳಿಗೂ ಎರಡು ಮಾತು ಹೇಳುವುದಿದೆ. ನೋವಾಗಿದೆಯೆಂಬುದು ಸುಳ್ಳು ಬರೆಯಲು ಪರವಾನಿಗೆಯಲ್ಲ. ಸುದ್ದಿ ಬಂದಾಗ ಮೊದಲು ಪರಿಶೀಲಿಸಬೇಕೆಂದೂ, ಒಂದು ಜನಾಂಗದ ಮೇಲಿನ ಸಿಟ್ಟು ನ್ಯಾಯ ತಪ್ಪಲು ಕಾರಣವಾಗಬಾರದೆಂದೂ ಕುರ್‌ಆನ್ ನಮಗೆ ಆಜ್ಞಾಪಿಸಿದೆ. ಅರ್ಧ ತರಗತಿ ತಿರುಗಿ ನೋಡಿತೆಂದರೆ ಇನ್ನರ್ಧ ನೋಡಲಿಲ್ಲವೆಂದೂ ಆಯಿತು. ಆ ಇನ್ನರ್ಧದ ಬಗ್ಗೆಯೂ ಬರೆಯಿರಿ. 'ನಿಮ್ಮವರು ಯಾಕೆ ಹೀಗೆ' ಎಂದು ಕೇಳಿದ ಗೆಳತಿಯು ತನ್ನ ಮನೆಯ ಟಿ.ವಿ. ಕಲಿಸಿದ್ದನ್ನು ಕೇಳಿದ್ದಾಳೆ. ಅವಳೊಂದಿಗೆ ಮಾತು ಬಿಡಬೇಡಿ, ಆ ಕುದುರೆ ಸವಾರಿಯ ಯುವಕನ ಬಗ್ಗೆ ಹೇಳಿ.

ಇನ್ನು ಹೆತ್ತವರು, ಜಮಾಅತ್‌ನ ಹೊಣೆಗಾರರು ಏನು ಮಾಡಬೇಕು? ನಾವು ಕೇಳುವುದು ದೊಡ್ಡ ಯೋಜನೆಗಳನ್ನಲ್ಲ. ಮನೆಗೆ ಒಂದು ಕನ್ನಡ ದಿನಪತ್ರಿಕೆ ಬರಲಿ. ಒಂದು ದಿನದ ಚಹಾಕ್ಕಿಂತ ಅದರ ಬೆಲೆ ಹೆಚ್ಚಲ್ಲ. ರಾತ್ರಿಯ ಊಟದ ಹೊತ್ತಿಗೆ ಹದಿನೈದು ನಿಮಿಷ ಟಿ.ವಿ., ಮೊಬೈಲು ಬದಿಗಿಟ್ಟು ಶಾಲೆಯಲ್ಲಿ ಇಂದು ಏನಾಯಿತೆಂದು ಕೇಳಿ, ಬುದ್ಧಿ ಹೇಳದೆ ಕೇಳಿ. ಮಸೀದಿಯ ಬಳಿಯ ಖಾಲಿ ಕೋಣೆ ವಾಚನಾಲಯವಾಗಲಿ, ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಯವಿರಲಿ. ತಿಂಗಳಿಗೊಮ್ಮೆ ಜಮಾಅತ್ ಸಮಿತಿ ಪ್ರೌಢಶಾಲೆ ಮತ್ತು ಪಿಯುಸಿಯ ಮಕ್ಕಳನ್ನು ಕೂರಿಸಿಕೊಂಡು, ತಾನು ಭಾಷಣ ಮಾಡದೆ, ಅವರ ಮಾತು ಕೇಳಲಿ.

ಶಾಲೆಯೊಂದಿಗಿನ ಸಂಬಂಧವನ್ನೂ ನಾವು ಸರಿಪಡಿಸಿಕೊಳ್ಳಬೇಕು. ಸರಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಹೆತ್ತವರಿಗೆ ಸ್ಥಾನವಿದೆ. ಅಂಗಡಿ ಮುಚ್ಚಿ ಆ ಸಭೆಗೆ ಹೋಗುವವರು ನಮ್ಮಲ್ಲಿ ಕಡಿಮೆ. ಮಗುವಿಗೆ ದೈಹಿಕ ಶಿಕ್ಷೆ ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. ಧರ್ಮದ ಹೆಸರೆತ್ತಿ ಅವಮಾನಿಸಿದರೆ ಮೊದಲು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ, ಸರಿಯಾಗದಿದ್ದರೆ ಶಿಕ್ಷಣಾಧಿಕಾರಿಗೆ, ಬಳಿಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿಯೊಂದು ಮಗುವಿಗೂ ಬಾಯಿಪಾಠವಿರಲಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗಿದೆಯೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಭಾರತವು ಅದನ್ನು 1992ರಲ್ಲಿಯೇ ಒಪ್ಪಿಕೊಂಡಿದೆ. ಇದು ಯಾರೂ ಕೊಡುವ ಭಿಕ್ಷೆಯಲ್ಲ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ನಿಮ್ಮಲ್ಲಿ ಹೆಚ್ಚಿನವರು ಒಳ್ಳೆಯವರೆಂದು ನಮಗೆ ಗೊತ್ತು. ಆ ಹುಡುಗಿಯೂ ತನ್ನ ಇತಿಹಾಸದ ಶಿಕ್ಷಕರು ಕೆಟ್ಟವರೆಂದು ಬರೆದಿಲ್ಲ. ಅರ್ಧ ತರಗತಿ ತಿರುಗಿ ನೋಡಿದಾಗ ಅವರು ಏನನ್ನೂ ಹೇಳಲಿಲ್ಲವೆಂದು ಮಾತ್ರ ಬರೆದಿದ್ದಾಳೆ. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸತ್ತ ಸುಲ್ತಾನನಿಗೂ ಮೂರನೆಯ ಬೆಂಚಿನಲ್ಲಿ ಕುಳಿತ ಈ ಮಗುವಿಗೂ ಸಂಬಂಧವಿಲ್ಲವೆಂಬ ಒಂದು ವಾಕ್ಯ ಅಂದು ನಿಮ್ಮ ಬಾಯಿಂದ ಬಂದಿದ್ದರೆ ಸಾಕಿತ್ತು.

ಆ ತಂದೆ ಎಲ್ಲವನ್ನೂ ಕೇಳಿ, 'ಹಾಗಾದರೆ ನಾನೀಗ ಏನು ಮಾಡಲಿ?' ಎಂದರು. ಮಗಳ ಕೊನೆಯ ಪ್ರಶ್ನೆಯಿಂದಲೇ ಆರಂಭಿಸಿ ಎಂದು ನಾವು ಹೇಳಿದೆವು. ಅವರು ಜಮಾಅತ್ ಸಮಿತಿಯ ಸದಸ್ಯರೂ ಹೌದು. ಬರುವ ಸಭೆಯಲ್ಲಿ ಆ ಶಾಲೆಯ ಮಾಡಿನ ವಿಷಯ ಎತ್ತುವುದಾಗಿ ಮಾತು ಕೊಟ್ಟರು. ಅವರು ಎತ್ತುವರೋ, ಸಮಿತಿ ಒಪ್ಪುವುದೋ ನೋಡಬೇಕು. ಮಗಳು ಮಾತ್ರ ಅದನ್ನು ಗಮನಿಸುತ್ತಿರುತ್ತಾಳೆ ಮತ್ತು ಬರೆದಿಡುತ್ತಾಳೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇಂಥ ಒಂದು ನೋಟ್‌ಬುಕ್ ಇದೆ. ಕೆಲವು ಕಾಗದದಲ್ಲಿದ್ದರೆ ಹಲವು ಮಕ್ಕಳ ಮನಸ್ಸಿನಲ್ಲಿಯೇ ಇವೆ. ಖರ್ಜೂರದ ಮರದ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆ. ಹೇಳಲು ಅವರು ನಮ್ಮ ಮುಖ ನೋಡುತ್ತಿದ್ದಾರೆ. ಉಮರ್(ರ) ತನ್ನ ಮಗನಿಗೆ ಹೇಳಿದ ಮಾತನ್ನು ನಾವು ನಮ್ಮ ಮಕ್ಕಳಿಗೆ ಇಂದು ರಾತ್ರಿಯೇ ಹೇಳಬಾರದೇಕೆ?